ಪರಿಹಾರ ಬಂದ ಮೇಲೂ ಉಳಿಯುವ ದುಃಖ

ನಮ್ಮ ಸೀಮೆಯಲ್ಲಿ ‘ಪರಿಹಾರ’ ಎಂಬ ಪದಕ್ಕೆ ಈಗ ಒಂದೇ ಅರ್ಥ ಉಳಿದಂತಿದೆ. ಅಕಾಲದ ಸಾವು ಸಂಭವಿಸಿದ ಮನೆಗೆ ಹೋದವರು ಕುಳಿತ ಐದು ನಿಮಿಷಕ್ಕೆ “ಪರಿಹಾರ ಬಂತೇ?” ಎಂದು ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಸರಕಾರದ ಚೆಕ್ಕು. ದುಡಿಯುವ ಕೈಯನ್ನು ಕಳೆದುಕೊಂಡ ಕುಟುಂಬಕ್ಕೆ ಹಣ ಬೇಕು. ಅದನ್ನು ಹಗುರವಾಗಿ ಕಾಣುವವರು ಹಸಿವನ್ನು ಅರಿಯದವರು. ಆದರೆ ಹಣ ಬಂದ ಮೇಲೂ ಉಳಿಯುವುದೊಂದಿದೆ. ಅದಕ್ಕೆ ಯಾರು ಹೊಣೆ?

2018ರ ಡಿಸೆಂಬರ್ 14ರ ಶುಕ್ರವಾರ, ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆಯ ದಿನ ಹಂಚಿದ ಪ್ರಸಾದದಲ್ಲಿ ಕೀಟನಾಶಕ ಬೆರೆತಿತ್ತು. 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ನಮ್ಮ ಕಥೋಲಿಕ ಕುಟುಂಬಗಳು ದಟ್ಟವಾಗಿರುವ ಮಾರ್ಟಳ್ಳಿಗೆ ಸುಳ್ವಾಡಿ ದೂರದ ಊರೇನಲ್ಲ. ವಿಷವುಂಡವರಿಗೆ ನಮ್ಮ ಧರ್ಮಭಗಿನಿಯರ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ದೊರೆಯಿತು. ಮೊಕದ್ದಮೆ, ಬಂಧನ, ಪರಿಹಾರಧನ ಇವೆಲ್ಲ ಪತ್ರಿಕೆಗಳಲ್ಲಿ ಬಂದವು. ಆದರೆ ಇಂತಹ ಸಾವಿನಲ್ಲಿ ಉಳಿದವರನ್ನು ಕೊರೆಯುವುದು ಬೇರೊಂದು. “ನಾನೇ ಕರೆದುಕೊಂಡು ಹೋದೆ, ನಾನೇ ಕೈಯಾರೆ ತುತ್ತು ಕೊಟ್ಟೆ” ಎಂಬ ಕೊರಗಿಗೆ ಯಾವ ಕಚೇರಿಯಲ್ಲಿಯೂ ಅರ್ಜಿಯ ನಮೂನೆ ಇರುವುದಿಲ್ಲ.

ಇನ್ನೂ ಹಿಂದಿನದೊಂದಿದೆ. ವೀರಪ್ಪನ್ ಬೇಟೆಯ ಕಾಲದಲ್ಲಿ ಈ ಬೆಟ್ಟದ ಸಾಲಿನ ಹಳ್ಳಿಗಳಿಂದ ಗಂಡಸರೂ ಹೆಂಗಸರೂ ಟಾಡಾ ಕಾಯಿದೆಯಡಿ ಸೆರೆಯಾಗಿ ವರ್ಷಗಟ್ಟಲೆ ಜೈಲಿನಲ್ಲಿದ್ದರು. ಕರ್ನಾಟಕ, ತಮಿಳುನಾಡು ಎರಡೂ ಕಡೆ ನೊಂದವರ ಪೈಕಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಕಳೆದುಹೋದ ಯೌವನಕ್ಕೂ, ತಾಯಿಯಿಲ್ಲದೆ ಬೆಳೆದ ಮಕ್ಕಳ ಬಾಲ್ಯಕ್ಕೂ ಅಳುವುದು ಶೋಕವೇ. ಶೋಕಕ್ಕೆ ಶವವೇ ಬೇಕೆಂದಿಲ್ಲ. 2021ರ ಮೇ 2 ಮತ್ತು 3ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರು. ಕೊರೋನಾದ ಆ ದಿನಗಳಲ್ಲಿ ಎಷ್ಟೋ ಮನೆಯವರಿಗೆ ಹಣೆ ಮುಟ್ಟಿ ಬೀಳ್ಕೊಡುವ ಅವಕಾಶವೂ ದೊರೆಯಲಿಲ್ಲ.

ಇಷ್ಟನ್ನು ಹೇಳಲು ಕಾರಣವಿದೆ. ಆಪ್ತ ಸಮಾಲೋಚನೆ ಎಂದೊಡನೆ ನಮ್ಮ ಕುಟುಂಬಗಳಲ್ಲಿ ಎರಡು ಮಾತು ಏಳುತ್ತವೆ. “ನಮಗೇನು ಹುಚ್ಚೇ?” ಎಂಬುದು ಒಂದು. “ಜಪಸರವಿದೆ, ಬಲಿಪೂಜೆಯಿದೆ, ಗುರುಗಳಿದ್ದಾರೆ, ಇನ್ನೊಬ್ಬರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲವೇ?” ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ: ಅಳುವವನು ಹುಚ್ಚನಲ್ಲ. ಎರಡನೆಯದನ್ನು ಸ್ವಲ್ಪ ವಿಚಾರಿಸಬೇಕು.

ಪ್ರಭು ಯೇಸು ಲಾಜರನನ್ನು ಎಬ್ಬಿಸಲಿದ್ದರು. ಆದರೂ ಸಮಾಧಿಯ ಬಳಿ ಅತ್ತರೆಂದು ಸಂತ ಯೊವಾನ್ನರು ಬರೆದಿಟ್ಟಿದ್ದಾರೆ. ಪುನರುತ್ಥಾನವನ್ನು ಬಲ್ಲವರಿಗೇ ಕಣ್ಣೀರು ಬಂತೆಂದಾದರೆ ಕಣ್ಣೀರು ಅವಿಶ್ವಾಸವೆನ್ನುವುದು ಹೇಗೆ? ಸಂತ ಅಗಸ್ಟೀನರು ತಾಯಿ ಮೋನಿಕಾ ತೀರಿಕೊಂಡಾಗ ಕಣ್ಣೀರನ್ನು ಹಟದಿಂದ ತಡೆದರು. ಸ್ನಾನ ಮಾಡಿದರೆ ದುಃಖ ಕಳೆಯುವುದೆಂದು ಕೇಳಿದ್ದರಿಂದ ಸ್ನಾನವನ್ನೂ ಮಾಡಿದರು. ಸಾವಿನ ಮನೆಯಿಂದ ಬಂದು ತಲೆಗೆ ನೀರು ಹಾಕಿಕೊಳ್ಳುವ ನಮಗೆ ಇದು ಹೊಸದಲ್ಲ. ಆದರೆ ಸ್ನಾನದಿಂದ ಅವರ ದುಃಖ ತೊಳೆದುಹೋಗಲಿಲ್ಲ. ನಿದ್ರೆ ಮಾಡಿ ಎದ್ದ ಮೇಲೆ, ಹಾಸಿಗೆಯಲ್ಲಿ ಒಂಟಿಯಾಗಿದ್ದಾಗ ಕಟ್ಟೆಯೊಡೆಯಿತು, ಅತ್ತರು, ಹಗುರವಾದರು. ತಾಯಿಗಾಗಿ ಅತ್ತುದು ಪಾಪವೆನ್ನುವವರು ತಮ್ಮನ್ನು ನೋಡಿ ನಗದೆ ತಮಗಾಗಿ ಅಳಲಿ ಎಂಬರ್ಥದ ಮಾತನ್ನೂ ಬರೆದರು. ಧರ್ಮಸಭೆಯ ಈ ಮಹಾಪಂಡಿತರಿಗೆ ಬೇಕಾದದ್ದು ನಮ್ಮ ಮನೆಯ ವಿಧವೆಗೆ ಬೇಡವೇ?

ಪಾಪನಿವೇದನೆಗೂ ಆಪ್ತ ಸಮಾಲೋಚನೆಗೂ ಇರುವ ಭೇದವನ್ನು ತಿಳಿಯಬೇಕು. ಪಾಪನಿವೇದನೆಯಲ್ಲಿ ಮನುಷ್ಯ ಮಾಡಿದ ಪಾಪಕ್ಕೆ ದೇವರ ಕ್ಷಮೆ ದೊರೆಯುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಎದೆಯ ಭಾರ ಪಾಪವಲ್ಲ, ಗಾಯ. “ದೇವರ ಮೇಲೆ ಸಿಟ್ಟು ಬರುತ್ತದೆ, ಸ್ವಾಮಿ” ಎಂದು ಆಕೆ ನಿವೇದಿಸಿದರೆ ಸಂಕ್ಷಿಪ್ತ ಪ್ರಾಯಶ್ಚಿತ್ತ ಕೊಟ್ಟು ಕಳುಹಿಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಯೋಬನೂ ಸಿಟ್ಟಾಗಿದ್ದ. ಅವನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಮೌನವಾಗಿ ಜೊತೆಗೆ ಕುಳಿತಿದ್ದರು. ಬಾಯಿ ತೆರೆದು ತರ್ಕ ಆರಂಭಿಸಿದ ಮೇಲೆಯೇ ಕೆಟ್ಟರು. “ಎಲ್ಲವೂ ದೇವರ ಚಿತ್ತ” ಎಂಬ ಮಾತು ಸತ್ಯವೇ ಇರಬಹುದು; ಮಣ್ಣು ಆರುವ ಮುಂಚೆ ಹೇಳಿದರೆ ಅದು ಕಲ್ಲು.

ಸಮಾಲೋಚಕರು ಮಾಡುವುದು ಬಹುಮಟ್ಟಿಗೆ ಆ ಏಳು ದಿನಗಳ ಕೆಲಸವೇ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಸುಮಾರು ಒಂದು ಗಂಟೆ, ಅದೇ ವ್ಯಕ್ತಿಯ ಎದುರು ಕುಳಿತು ಮಾತಾಡುವುದು. ಅವರು ಉಪದೇಶಿಸುವುದಿಲ್ಲ, ಕೇಳಿದ್ದನ್ನು ಊರಿಗೆ ಹಂಚುವುದಿಲ್ಲ. ಇದು ಪೂರ್ತಿ ಹೊರಗಿನಿಂದ ಬಂದದ್ದೆಂದೂ ತಿಳಿಯಬೇಕಾಗಿಲ್ಲ. ತಮಿಳು ಮನೆಮಾತಿನ ನಮ್ಮ ಹಿರಿಯ ಹೆಂಗಸರು ಹೆಣದ ಸುತ್ತ ಕುಳಿತು ಒಪ್ಪಾರಿ ಹಾಡುತ್ತಿದ್ದಾಗ ಸತ್ತವರ ಗುಣ, ಬದುಕಿದವರ ಕಷ್ಟ, ದೇವರೊಡನೆ ಜಗಳ ಎಲ್ಲವೂ ಹೊರಬರುತ್ತಿದ್ದವು. ಓದಿದ ಮಕ್ಕಳಿಗೆ ಅದು ನಾಚಿಕೆ. ಒಪ್ಪಾರಿಯನ್ನು ಬಿಟ್ಟೆವು, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ಗಂಡಸರಿಗಂತೂ ಅದೂ ಇರಲಿಲ್ಲ. ಮೂರನೆಯ ದಿನ ಮಗ್ಗಕ್ಕೋ ಹೊಲಕ್ಕೋ ಹೋಗುವುದು, ಸಂಜೆ ಹೆಂಡದಂಗಡಿ. ಇದನ್ನು ಧೈರ್ಯವೆಂದು ಹೊಗಳುತ್ತೇವೆ.

ಎಲ್ಲ ಶೋಕಕ್ಕೂ ಚಿಕಿತ್ಸೆ ಬೇಕೆಂದು ನಾವು ಹೇಳುತ್ತಿಲ್ಲ. ಬಂಧುಗಳ ಆಸರೆಯಲ್ಲಿ ಹೆಚ್ಚಿನವರು ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಶೋಕಕ್ಕೆ ಐದು ಮೆಟ್ಟಿಲುಗಳೆಂದು ಈಗ ಅನೇಕರು ಬಾಯಿಪಾಠ ಒಪ್ಪಿಸುವುದುಂಟು. ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಆ ಮಾತು ಬರೆದದ್ದು ಸಾವಿನಂಚಿನ ರೋಗಿಗಳೊಡನೆ ಮಾತಾಡಿ. ಅದು ಉಳಿದವರೆಲ್ಲರೂ ಸರದಿಯಂತೆ ಹತ್ತಲೇಬೇಕಾದ ಏಣಿಯಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕವೆಂಬುದು 2022ರಿಂದ ಸೇರಿದೆ. ಆರು ತಿಂಗಳು ಮೀರಿದರೂ ಹಂಬಲ ತಗ್ಗದೆ, ದಿನನಿತ್ಯದ ಕೆಲಸವೇ ಸಾಗದಿದ್ದರೆ ತಜ್ಞರ ನೆರವು ಬೇಕು. ಸಾಯಬೇಕೆಂಬ ಮಾತು ಬಂದರೆ ಆರು ದಿನವೂ ಕಾಯಬಾರದು.

ಆತ್ಮಹತ್ಯೆಯಾದ ಮನೆಗಳ ಬಗೆಗೆ ಪ್ರತ್ಯೇಕವಾಗಿ ಹೇಳಬೇಕು. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯಿಲ್ಲವೆಂದು 1917ರ ಧರ್ಮಸಭಾ ಸಂಹಿತೆ ವಿಧಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರ ಮನೋವ್ಯಥೆ ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲದು, ಅವರ ರಕ್ಷಣೆಯ ಬಗೆಗೆ ನಿರಾಶರಾಗಬಾರದು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಇಷ್ಟಾದರೂ ಬಾವಿಕಟ್ಟೆಯ ಪಿಸುಮಾತಿನಲ್ಲಿ 1917ರ ಸಂಹಿತೆಯೇ ಜಾರಿಯಲ್ಲಿದೆ! ಆ ಮನೆಯ ಮಗಳಿಗೆ ಸಂಬಂಧ ಕೂಡಿಬರುವುದಿಲ್ಲ, ಹಬ್ಬದ ಊಟಕ್ಕೆ ಕರೆಯಿಲ್ಲ. ಇಂತಹವರು ಮಾತಾಡಲು ಎಲ್ಲಿಗೆ ಹೋಗಬೇಕು?

ನಮ್ಮ ಧರ್ಮಕೇಂದ್ರಗಳಲ್ಲಿ ಏಳನೆಯ ದಿನದ ಪೂಜೆ, ಮೂವತ್ತನೆಯ ದಿನದ ಪೂಜೆ ತಪ್ಪದೆ ನಡೆಯುತ್ತವೆ. ಅನಂತರ ನವೆಂಬರ್ 2ರವರೆಗೆ ಆ ಮನೆಯ ಬಾಗಿಲು ತಟ್ಟುವವರು ವಿರಳ. ನೆಂಟರು ಹಿಂತಿರುಗಿ ಮನೆ ಬರಿದಾಗುವುದು ಆ ನಡುವೆಯೇ. ಪ್ರತಿ ಧರ್ಮಕೇಂದ್ರದಿಂದ ಇಬ್ಬರನ್ನಾದರೂ ಸಮಾಲೋಚನೆಯ ತರಬೇತಿಗೆ ಕಳುಹಿಸಬೇಕೆಂಬುದು ನಮ್ಮ ಅಭಿಪ್ರಾಯ. ಅವರಲ್ಲಿ ಒಬ್ಬಾಕೆ ಸ್ತ್ರೀಯಾಗಿರಲಿ; ಗುರುಗಳ ಮುಂದೆ ಬಾರದ ಮಾತು ಇನ್ನೊಬ್ಬ ಹೆಂಗಸಿನ ಮುಂದೆ ಬರುತ್ತದೆ. ಗಾಯ ಆಳವಾಗಿದೆಯೆಂದು ಕಂಡಾಗ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವುದೂ ಅವರ ಕೆಲಸವಾಗಲಿ.

ದೂರದ ಮಾತು ಬರುತ್ತದೆ. ಹನೂರಿನಾಚೆಯ ಬೆಟ್ಟದ ಹಳ್ಳಿಯಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಕರ್ನಾಟಕ ಸರಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮವು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಮನೋವೈದ್ಯರು ದೊರೆಯಲೆಂದು ಮಾಡಿದ ಏರ್ಪಾಡು. ಕೊಳ್ಳೇಗಾಲ ಅಥವಾ ಯಳಂದೂರಿನ ಆಸ್ಪತ್ರೆಯಲ್ಲಿ ಸರದಿ ಯಾವ ದಿನವೆಂದು ವಿಚಾರಿಸಿಕೊಂಡು ಹೋಗುವುದು ಒಳಿತು. ಅಷ್ಟು ದೂರವೂ ಆಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು. ಸೇವೆ ಉಚಿತ. ಕನ್ನಡದಲ್ಲಿ ಮಾತಾಡಬಹುದು, ಅಳು ತಮಿಳಿನಲ್ಲಿಯೇ ಬರುವ ಮಾರ್ಟಳ್ಳಿಯ ನಮ್ಮ ಅಮ್ಮಂದಿರು ತಮಿಳಿನಲ್ಲಿಯೂ ಮಾತಾಡಬಹುದು.