ಬೆಲೆಯುಂಟು, ಮಿತಿಯಿಲ್ಲ

ಪರಿಸರಕ್ಕೆ ಬೆಲೆ ಕಟ್ಟಿದರೆ ಅದು ಉಳಿಯುವುದೆಂಬ ವಾದವನ್ನು ಸಾರಾಸಗಟಾಗಿ ತಳ್ಳಿಹಾಕಬೇಕಿಲ್ಲ. ಅಮೆರಿಕವು 1990ರ ಕಾಯ್ದೆಯಿಂದ ವಿದ್ಯುತ್ ಸ್ಥಾವರಗಳ ಗಂಧಕಯುಕ್ತ ಹೊಗೆಗೆ ಪರವಾನಗಿಗಳ ಮಾರುಕಟ್ಟೆಯನ್ನು ತೆರೆಯಿತು, ಆಮ್ಲಮಳೆ ತಗ್ಗಿತು. ಆದರೆ ಅಲ್ಲಿ ಹೊಗೆಯ ಒಟ್ಟು ಮಿತಿಯನ್ನು ಮೊದಲು ವಿಧಿಸಿದ್ದು ಕಾನೂನು.

ನಮ್ಮಲ್ಲಿ ಅನ್ಯ ಬಳಕೆಗೆ ಹೋಗುವ ಅರಣ್ಯಕ್ಕೆ ಸುಪ್ರೀಂ ಕೋರ್ಟ್ 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ದರ ಗೊತ್ತುಪಡಿಸಿತು. 2022ರಲ್ಲಿ ಅದು ಏರಿತು. ಒಟ್ಟಾರೆ ಎಷ್ಟು ಕಾಡು ಕಳೆಯಬಹುದೆಂಬ ಮಿತಿ ಮಾತ್ರ ಇಂದಿಗೂ ಇಲ್ಲ. ಹಣ ನಿಧಿಗೆ ಸೇರುತ್ತದೆ, ಸಸಿಗಳು ಬೇರೆಲ್ಲೋ ಏಳುತ್ತವೆ; ಕಡಿದ ಕಾಡಿನ ಕೆಳಗೆ ಬತ್ತಿದ ಹಳ್ಳಕ್ಕೆ ಅದರಿಂದ ನೀರು ಬಾರದು. ಮಿತಿಯಿಲ್ಲದೆಡೆ ಬೆಲೆಯೇ ಕಡಿಯಲು ಅಪ್ಪಣೆಯಾಗುತ್ತದೆ.

ಗ್ರಾಮಸಭೆಗೆ ಯೋಜನೆಯ ಕಾಗದ ಬಂದಾಗ, ದರದ ಮಾತಿಗೆ ಮೊದಲು ಮಿತಿಯ ಮಾತೆತ್ತೋಣ.