ಮಾದಳ, ಬೇಲ ಮತ್ತು ಮದರಾಸಿನ ಅಚ್ಚು

ಒಂಬತ್ತು ಮಾದಳದ ಹಣ್ಣು, ಏಳು ಬೇಲದ ಹಣ್ಣು ಸೇರಿ 107. ಏಳು ಮಾದಳ, ಒಂಬತ್ತು ಬೇಲವಾದರೆ 101. ಒಂದೊಂದರ ಬೆಲೆ ಎಷ್ಟು? ಬೀಜಗಣಿತವೇನೂ ಬೇಡ. ಎರಡನ್ನೂ ಕೂಡಿ: ಹದಿನಾರು ಜೋಡಿಗೆ 208, ಜೋಡಿಗೆ 13. ಕಳೆಯಿರಿ: ಎರಡು ಬೇಲಕ್ಕಿಂತ ಎರಡು ಮಾದಳಕ್ಕೆ 6 ಜಾಸ್ತಿ, ಒಂದಕ್ಕೆ 3. ಅಲ್ಲಿಗೆ ಮಾದಳ 8, ಬೇಲ 5. ಕೊಳ್ಳೇಗಾಲದ ಸಂತೆಯಲ್ಲಿ ಹಣ್ಣು ಮಾರುವವರು ಬಾಯಲ್ಲೇ ಮುಗಿಸಿಬಿಡುವ ಲೆಕ್ಕ. ಇದನ್ನು ಬರೆದಿಟ್ಟವನು ಒಂಬತ್ತನೆಯ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯ, ನೃಪತುಂಗನ ಕಾಲದವನು.

ಅವನ ‘ಗಣಿತಸಾರಸಂಗ್ರಹ’ ಅಚ್ಚಾದದ್ದು 1912ರಲ್ಲಿ, ಮದರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ. ಸಂಪಾದಕರು ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು. ಮದರಾಸಿನಲ್ಲಿ ಅವರ ಕೈಗೆ ಸಿಕ್ಕ ಪ್ರತಿಗಳೆಲ್ಲ ಅರೆಬರೆ. ಪೂರ್ತಿ ಪಾಠ ಬಂದದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಿಂದ, ವಲ್ಲಭನ ಕನ್ನಡ ಟೀಕೆಯ ಸಮೇತ. ಮೂಡಬಿದಿರೆಯ ಜೈನ ಮಠದ ಪ್ರತಿಯೂ ನೆರವಿಗೆ ಬಂತು. ಪುಸ್ತಕ ಹೊರಬರುವ ಮೊದಲೇ, 1908ರಲ್ಲಿ, ನ್ಯೂಯಾರ್ಕಿನ ಡೇವಿಡ್ ಯೂಜೀನ್ ಸ್ಮಿತ್ ರೋಮಿನ ಗಣಿತ ಸಮ್ಮೇಳನದಲ್ಲಿ ಇದರ ಬಗ್ಗೆ ಮಾತಾಡಿದ್ದರು.

ಆಗ ಕೊಳ್ಳೇಗಾಲ, ಹನೂರು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿ, ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು. ಪ್ರತಿ ಕೊಟ್ಟದ್ದು ಯಳಂದೂರಿನವರ ಸರ್ಕಾರ, ಅಚ್ಚು ಹಾಕಿದ್ದು ಕೊಳ್ಳೇಗಾಲದವರ ಸರ್ಕಾರ ಎನ್ನಬಹುದು. ಆದರೂ ಪುಸ್ತಕ ಬಿಚ್ಚಿದರೆ ನಾಗರಿ ಲಿಪಿಯ ಸಂಸ್ಕೃತ, ಅದಕ್ಕೆ ಇಂಗ್ಲಿಷ್ ಅನುವಾದ. ವಲ್ಲಭನ ಕನ್ನಡಕ್ಕೆ ಜಾಗವಿಲ್ಲ! ರಂಗಾಚಾರ್ಯರ ಶ್ರಮ ಸಣ್ಣದಲ್ಲ, ಅವರಿಲ್ಲದಿದ್ದರೆ ಲೋಕಕ್ಕೆ ಮಹಾವೀರನ ಗುರುತೇ ಸಿಗುತ್ತಿರಲಿಲ್ಲವೇನೋ. ಆದರೆ ಕನ್ನಡನಾಡಿನ ಓದುಗನನ್ನು ಆ ಪುಸ್ತಕ ಲೆಕ್ಕಕ್ಕೇ ಹಿಡಿಯಲಿಲ್ಲ. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ. ನಡುವೆ 88 ವರ್ಷ.

ಈಗ ಆಚಾರ್ಯನನ್ನು ಹೊತ್ತು ಮೆರೆಸುವವರಿಗೇನೂ ಕಡಿಮೆಯಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಆತ ಹೇಳಿದ್ದನ್ನು ಮಾತ್ರ ಅವರು ಎತ್ತುವುದಿಲ್ಲ. ಅದು ತಪ್ಪು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದದ್ದು ಸೂಕ್ಷ್ಮ. ಎರಡನ್ನೂ ಮಕ್ಕಳಿಗೆ ಒಟ್ಟಿಗೇ ಹೇಳಿಕೊಡಬೇಕು. ಸಂಖ್ಯೆಗಳ ಹಾರ ಕಟ್ಟುವುದರಲ್ಲಂತೂ ಆತನಿಗೆ ಮಹಾ ಮೋಜು: 142857143ನ್ನು 7ರಿಂದ ಗುಣಿಸಿದರೆ 1000000001, ಎರಡು ತುದಿಗೆ ಒಂದೊಂದು, ನಡುವೆಲ್ಲ ಸೊನ್ನೆ.

ಈ ಸಂಚಿಕೆಯಿಂದ ‘ಗಣಿತಸಾರಸಂಗ್ರಹ’ದ ಒಂದೊಂದು ಲೆಕ್ಕವನ್ನು ನಮ್ಮ ಮಾತಿನಲ್ಲಿ ಕೊಡುತ್ತೇವೆ. ಇವತ್ತಿನದು ಹಾರದ ಲೆಕ್ಕ: 152207ನ್ನು 73ರಿಂದ ಗುಣಿಸಿ. ಮೊಬೈಲು ಮುಟ್ಟಬೇಡಿ. ಬಂದ ಹಾರ ಯಾಕೆ ಹಾಗಾಯಿತು ಎಂದೂ ಬರೆದು ಕಳಿಸಿ. ಬರೀ ಉತ್ತರ ಕಳಿಸಿದರೆ ಅಚ್ಚು ಹಾಕುವುದಿಲ್ಲ.