ಪೋಷಕ ನಟಿ ಅಂದ್ರೆ ಯಾರನ್ನ ಪೋಷಿಸೋಳು?

‘ಉಮಾಶ್ರೀ ಒಳ್ಳೆ ನಟಿ ಕಣ್ರೀ, ಆದ್ರೆ ಡಬಲ್ ಮೀನಿಂಗ್ ಕಾಮಿಡಿ ಮಾಡ್ಕೊಂಡು ಹಾಳಾದ್ರು.’ ಈ ಮಾತು ಹೇಳದ ಸಿನಿಮಾಪ್ರೇಮಿ ನನಗಿನ್ನೂ ಸಿಕ್ಕಿಲ್ಲ. ನಾನಿರುವ ಚಾಮರಾಜಪುರಂನಲ್ಲಿ ಸಂಜೆ ಕಾಫಿಗೆ ಸೇರುವ ಐಟಿ ಗೆಳೆಯರೂ ಇದನ್ನೇ ಹೇಳ್ತಾರೆ. ಕೇಳೋಕೆ ಕನಿಕರದ ಮಾತು. ಆದರೆ ತಪ್ಪನ್ನು ಪಾತ್ರ ಬರೆದವರ ತಲೆಯಿಂದ ಇಳಿಸಿ ಪಾತ್ರ ಮಾಡಿದವಳ ತಲೆಗೆ ಕಟ್ಟುವ ಮಾತು.

ಇದೇ ಚಾಮರಾಜಪುರಂ ಸ್ಟೇಷನ್ನಿನಲ್ಲಿ ಚಾಮರಾಜನಗರದ ರೈಲು ಹತ್ತಿದರೆ ದಾರಿಯಲ್ಲಿ ನಂಜನಗೂಡು. ಆ ತಾಲ್ಲೂಕಿನ ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದಾಗ, ಕಳೆದುಹೋದ ಹುಂಜ ಹುಡುಕುವ ಮುದುಕಿ ಸಾಕವ್ವ ಆದವರು ಉಮಾಶ್ರೀ. ನೋಡಿದವರು ಇವತ್ತಿಗೂ ನೆನೆಸ್ಕೋತಾರೆ. ಅಂದ್ರೆ ಈಕೆಗೆ ಏನು ಬರುತ್ತೆ ಅನ್ನೋದು ಗುಟ್ಟಾಗಿರಲಿಲ್ಲ. 1984ರಲ್ಲಿ ಕಾಶೀನಾಥರ ‘ಅನುಭವ’ ಸಿನಿಮಾದಲ್ಲೂ ಹೆಸರು ತಂದುಕೊಟ್ಟಿತು. ಆಮೇಲೆ ಗಾಂಧಿನಗರ ಕೊಟ್ಟಿದ್ದೇನು? ಎನ್.ಎಸ್. ರಾವ್ ಅಂಥವರಿಗೆ ಜೋಡಿ, ಬಾಯಿ ಜೋರಿನ ಹೆಂಡತಿ, ಹೀರೋ ಫೈಟಿಂಗ್ ನಡುವೆ ಉಸಿರು ಬಿಡೋಕೆ ಹತ್ತು ನಿಮಿಷದ ನಗು.

ಕಾಮಿಡಿ ಕೀಳು ಅಂತ ನಾನು ಹೇಳ್ತಿಲ್ಲ. ಅಷ್ಟು ತೆಳು ಡೈಲಾಗನ್ನು ಜನ ಬಿದ್ದು ಬಿದ್ದು ನಗೋ ಹಾಗೆ ಹೇಳೋಕೆ ಸಾಕವ್ವ ಆಗೋಕೆ ಬೇಕಾದಷ್ಟೇ ಕಸುಬು ಬೇಕು. ನನ್ನ ತಕರಾರು ಒಂದೇ: ಬೇರೇನೂ ಯಾಕೆ ಕೊಡಲಿಲ್ಲ?

2008ರಲ್ಲಿ ತೆರೆಗೆ ಬಂದ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಕೊಟ್ಟಿತು. ವೈದೇಹಿಯವರ ಕತೆಯಿಂದ ಹುಟ್ಟಿದ ಸಿನಿಮಾ. ಕರಾವಳಿಯ ಮೀನುಗಾರರ ಊರು, ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ, ಅವಳ ಮನೆಗೆ ಬಂದ ಟೀವಿ, ಅದನ್ನು ನೋಡೋಕೆ ಸೇರುವ ಹೆಂಗಸರು, ಕಾರ್ಗಿಲ್ ಹೊತ್ತಿನ ದ್ವೇಷ. ಆ ಗುಲಾಬಿಗೆ ರಾಷ್ಟ್ರಪ್ರಶಸ್ತಿ ಬಂತು. ಪೋಷಕ ನಟಿ ಪ್ರಶಸ್ತಿಯಲ್ಲ ಸ್ವಾಮಿ, ಅತ್ಯುತ್ತಮ ನಟಿ! ಕನ್ನಡ ಸಿನಿಮಾಕ್ಕೆ ಅದಕ್ಕೆ ಮುಂಚೆ ಆ ಗೌರವ ತಂದವರು ‘ಕಾಡು’ವಿನ ನಂದಿನಿ ಭಕ್ತವತ್ಸಲ ಮತ್ತು ‘ಹಸೀನಾ’ದ ತಾರಾ. ‘ಅನುಭವ’ದಿಂದ ಇಲ್ಲಿಗೆ 24 ವರ್ಷ. ನಮ್ಮ ಆಫೀಸಿನಲ್ಲಿ ಒಬ್ಬ ಸೀನಿಯರ್‌ಗೆ 24 ವರ್ಷ ಬರೀ ಬಗ್ ಫಿಕ್ಸ್ ಮಾಡಿಸಿ, ಕೊನೆಗೆ ‘ಅರೆ, ನಿಮಗೆ ಡಿಸೈನೂ ಬರುತ್ತಾ?’ ಅಂದ್ರೆ ಅವಮಾನ ಆಗಬೇಕಾದ್ದು ಯಾರಿಗೆ?

‘ವಯಸ್ಸಾದ ಹೆಂಗಸಿನ ಕತೆ ಓಡಲ್ಲ ಕಣ್ರೀ, ಮಾರ್ಕೆಟ್ ಇಲ್ಲ’ ಅಂತಾರೆ. ಹೌದಾ? 2021ರಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಉಮಾಶ್ರೀಗೆ ಅರವತ್ತು ದಾಟಿತ್ತು. ಗಂಡ ಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನೇ ಅಲ್ಲಿ ಕತೆ. ಮನೆಮನೆಯಲ್ಲೂ ಜನ ಕೂತು ನೋಡಿದರು. ನಾವು ಮೂಗು ಮುರಿಯುವ ಸೀರಿಯಲ್‌ನವರಿಗೆ ಇದ್ದ ಧೈರ್ಯ ಕೋಟಿಗಟ್ಟಲೆ ಸುರಿಯುವ ಸಿನಿಮಾದವರಿಗೆ ಇರಲಿಲ್ಲ.

ನಾವೇನು ಕಮ್ಮಿ? ಮಲಯಾಳಂ ಸಿನಿಮಾ ನೋಡಿ ‘ಎಂಥಾ ಪಾತ್ರಗಳು ಗುರೂ’ ಅಂತ ಸ್ಟೇಟಸ್ ಹಾಕ್ತೀವಿ. ಕನ್ನಡದಲ್ಲಿ ಅಂಥದ್ದು ಬಂದರೆ ‘ಓಟಿಟಿಗೆ ಬರಲಿ ಬಿಡು’ ಅಂತೀವಿ. ಟಿಕೆಟ್ ಮಾತ್ರ ಬಿಲ್ಡಪ್‌ಗೆ. ಈ ಶುಕ್ರವಾರವೂ ಯಾವುದೋ ಸಿನಿಮಾದಲ್ಲಿ ಹೀರೋನ ತಾಯಿಯಾಗಿ ಎರಡು ಸೀನ್ ಅತ್ತು, ಫೋಟೋಗೆ ಹಾರ ಹಾಕಿಸಿಕೊಳ್ಳುವ ಒಬ್ಬಳು ಇರ್ತಾಳೆ. ಅವಳ ಹೆಸರೇನು ಅಂತ ಟೈಟಲ್ ಕಾರ್ಡಿನಲ್ಲಾದರೂ ನೋಡಿ. ಇಪ್ಪತ್ತು ವರ್ಷ ಆದ್ಮೇಲೆ ‘ಪಾಪ, ಹಾಳಾದ್ರು’ ಅನ್ನೋಕೆ ನಿಮಗೆ ಆ ಹೆಸರು ಬೇಕಾಗುತ್ತೆ.